ವಲಸೆಯ ದಾರಿಯಲ್ಲಿ ಪಂಜಾಬಿ ಹಾಡು

ಪಂಜಾಬಿ ಜನಪ್ರಿಯ ಸಂಗೀತವು ಜಗತ್ತಿನಾದ್ಯಂತ ಹರಡಿದ ಕಥೆಯನ್ನು ಈಗಿನ ಪತ್ರಿಕೆಗಳು ಸಾಮಾನ್ಯವಾಗಿ 2020ರ ಸುಮಾರಿನಿಂದ ಆರಂಭಿಸುತ್ತವೆ. ಅಗ್ಗದ ಇಂಟರ್‌ನೆಟ್, ಯೂಟ್ಯೂಬ್, ಮೊಬೈಲಿನಲ್ಲೇ ಹಾಡು ಕೇಳಿಸುವ ಸ್ಟ್ರೀಮಿಂಗ್ ಸೇವೆಗಳು, ಕೆನಡಾದಲ್ಲಿ ನೆಲೆಸಿದ ಕೆಲವು ತರುಣ ಗಾಯಕರು, 2023ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಕೋಚೆಲ್ಲಾ ಸಂಗೀತೋತ್ಸವದಲ್ಲಿ ದಿಲ್ಜಿತ್ ದೋಸಾಂಝ್ ಹಾಡಿದ್ದು, ಇಷ್ಟನ್ನು ಹೇಳಿದರೆ ಕಥೆ ಮುಗಿಯಿತೆಂಬ ಭಾವನೆ ಆ ಬರಹಗಳಲ್ಲಿದೆ. ಈ ಕಾರಣಗಳು ಸುಳ್ಳಲ್ಲವಾದರೂ ಸಾಲವು. ಅಗ್ಗದ ಇಂಟರ್‌ನೆಟ್ ಭೋಜಪುರಿಗೂ ತಮಿಳಿಗೂ ಮರಾಠಿಗೂ ಅದೇ ವರ್ಷಗಳಲ್ಲಿ ದೊರಕಿತು. ಆ ಭಾಷೆಗಳ ಹಾಡುಗಳೂ ಕೋಟಿಗಟ್ಟಲೆ ಕೇಳುಗರನ್ನು ಮುಟ್ಟಿದವು. ಆದರೆ ಸಿನಿಮಾದ ಆಸರೆಯಿಲ್ಲದೆ, ಹಾಡುಗಾರನ ಹೆಸರೊಂದರ ಮೇಲೆಯೇ ಪರದೇಶದ ದೊಡ್ಡ ಕ್ರೀಡಾಂಗಣಗಳನ್ನು ತುಂಬಿಸುವ ಶಕ್ತಿ ಭಾರತದ ಭಾಷೆಗಳಲ್ಲಿ ಪಂಜಾಬಿಗೆ ದಕ್ಕಿದಷ್ಟು ಬೇರೆ ಯಾವುದಕ್ಕೂ ದಕ್ಕಲಿಲ್ಲ. ಇದರ ಕಾರಣವನ್ನು ಅರಸುವವರು, ಮುಂಬಯಿಯ ಚಿತ್ರೋದ್ಯಮದ ಹಂಗಿಲ್ಲದೆ ಪಂಜಾಬಿ ಹಾಡು ಮದುವೆಯ ಚಪ್ಪರ, ಕ್ಯಾಸೆಟ್ ಅಂಗಡಿ ಮತ್ತು ವಲಸೆಗಾರರ ಬೀದಿಗಳಲ್ಲಿ ಮೂರು ನಾಲ್ಕು ತಲೆಮಾರುಗಳ ಕಾಲ ತಾನೇ ಕಟ್ಟಿಕೊಂಡ ಮಾರುಕಟ್ಟೆಯ ಚರಿತ್ರೆಗೆ ಹೋಗಬೇಕಾಗುತ್ತದೆ. ಆ ಮಾರುಕಟ್ಟೆಯ ಮೊದಲ ಗಿರಾಕಿ ಪ್ರತಿ ಘಟ್ಟದಲ್ಲಿಯೂ ಪಂಜಾಬಿ ಮಾತಾಡುವವನೇ ಆಗಿದ್ದನೆಂಬುದು ಈ ಚರಿತ್ರೆಯ ಮುಖ್ಯ ಎಳೆ.

ಭಾರತದ ಪಂಜಾಬನ್ನು ಅಲ್ಲಿಯ ಜನ ಮೂರು ಸೀಮೆಗಳಾಗಿ ಎಣಿಸುತ್ತಾರೆ: ಅಮೃತಸರದ ಸುತ್ತಲಿನ ಮಾಝಾ, ಬಿಯಾಸ್ ಮತ್ತು ಸಟ್ಲೆಜ್ ನದಿಗಳ ನಡುವಿನ ದೋಆಬಾ, ಸಟ್ಲೆಜ್‌ನ ದಕ್ಷಿಣಕ್ಕೆ ಹರಡಿದ ವಿಶಾಲವಾದ ಮಾಲ್ವಾ. ಈ ಸೀಮೆಗಳಲ್ಲಿ ಹಾಡುವುದು ಬಹುಕಾಲ ಕೆಲವು ಸಮುದಾಯಗಳ ಕುಲವೃತ್ತಿಯಾಗಿತ್ತು. ಜಮೀನುದಾರರ ವಂಶಾವಳಿಯನ್ನು ಹಾಡಿ ಹೊಗಳಿ ಕಾಳು ಪಡೆಯುತ್ತಿದ್ದ ಮಿರಾಸಿಗಳು, ಢಡ್ ಎಂಬ ಪುಟ್ಟ ಕೈವಾದ್ಯ ಮತ್ತು ಸಾರಂಗಿಗಳ ಜೊತೆ ವೀರಗಾಥೆಗಳನ್ನು ಹೇಳುತ್ತಿದ್ದ ಢಾಡಿಗಳು, ವಾದ್ಯದ ನೆರವಿಲ್ಲದೆ ಕಂಠವೊಂದರಿಂದಲೇ ಛಂದೋಬದ್ಧ ಕಥನವನ್ನು ನಡೆಸುವ ಕವಿಶ್ರೀ ಮೇಳದವರು, ಇವರೆಲ್ಲ ಜಾತ್ರೆ ಮತ್ತು ಮದುವೆಗಳನ್ನು ನೆಚ್ಚಿ ಬದುಕಿದವರು. ಹೆಂಗಸರ ಹಾಡು ಬೇರೆಯೇ ಆಗಿದ್ದು, ಗಿದ್ದಾ ಎಂಬ ವೃತ್ತನೃತ್ಯದಲ್ಲಿ ಒಬ್ಬಳು ಎತ್ತಿಕೊಟ್ಟ ಚುಟುಕು ಪದವನ್ನು ಉಳಿದವರು ಚಪ್ಪಾಳೆಯೊಡನೆ ಹಿಡಿಯುವ ಬೋಲಿಗಳಲ್ಲಿ ಅತ್ತೆ, ಮೈದುನ, ಪರದೇಶಕ್ಕೆ ಹೋದ ಗಂಡ ಇವರೆಲ್ಲರ ಲೇವಡಿ ನಡೆಯುತ್ತಿತ್ತು. 1947ರ ದೇಶವಿಭಜನೆಯಲ್ಲಿ ಬಹುಪಾಲು ಮುಸಲ್ಮಾನರಾಗಿದ್ದ ಮಿರಾಸಿಗಳು ಪಾಕಿಸ್ತಾನಕ್ಕೆ ಹೋದಾಗ ಪೂರ್ವ ಪಂಜಾಬಿನ ಹಳ್ಳಿಗಳಲ್ಲಿ ಹಾಡುಗಾರಿಕೆಯ ಜಾಗ ಏಕಾಏಕಿ ಖಾಲಿಯಾಯಿತು. ಅಲ್ಲಿಂದ ಮುಂದೆ ಹಾಡಲು ಬಂದವರಲ್ಲಿ ಹೆಚ್ಚಿನವರು ಆ ಕುಲದವರಲ್ಲ. ಅವರು ರೇಡಿಯೋ, ಗ್ರಾಮಫೋನ್ ಮತ್ತು ವೇದಿಕೆಯ ಮೂಲಕ ಹೊಸದಾಗಿ ಹಾಡುಗಾರರಾದವರು.

ವಲಸೆಯಾದರೋ ವಿಭಜನೆಗಿಂತ ಹಳೆಯದು. ಹಿಡುವಳಿಗಳು ಸಣ್ಣವಾಗಿದ್ದ ದೋಆಬಾದಿಂದ ಜನ ಬ್ರಿಟಿಷ್ ಸೇನೆ, ಪೂರ್ವ ಆಫ್ರಿಕಾದ ರೈಲುಮಾರ್ಗ, ಕೆನಡಾದ ಪಶ್ಚಿಮ ತೀರದ ಮರಗೆಲಸದ ಮಿಲ್ಲುಗಳು ಮತ್ತು ಕ್ಯಾಲಿಫೋರ್ನಿಯಾದ ತೋಟಗಳಿಗೆ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದಲೇ ಹೊರಟರು. ಹೊರನಾಡಿನಲ್ಲಿ ಪಂಜಾಬಿ ಪದ್ಯಕ್ಕೆ ಮೊದಲ ಓದುಗರನ್ನು ಗಳಿಸಿಕೊಟ್ಟದ್ದು ಇದೇ ಕಾರ್ಮಿಕ ವಲಸೆ. 1913ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ನೆಲೆಯೂರಿದ ಗದರ್ ಪಕ್ಷ, ವಸಾಹತುಶಾಹಿಯ ವಿರುದ್ಧ ತನ್ನ ಕರೆಯನ್ನು ಪಂಜಾಬಿ ಕವಿತೆಗಳ ಪುಸ್ತಿಕೆಗಳಲ್ಲಿ ಅಚ್ಚುಮಾಡಿ ಗೇಣಿ ಬೇಸಾಯಗಾರರಿಗೂ ಕೂಲಿಗಳಿಗೂ ಹಂಚಿತು, ಮತ್ತು 1912ರಲ್ಲಿ ಸ್ಥಾಪನೆಯಾದ ಕ್ಯಾಲಿಫೋರ್ನಿಯಾದ ಸ್ಟಾಕ್ಟನ್ ಗುರುದ್ವಾರವು ಆ ಚಟುವಟಿಕೆಯ ಒಂದು ಕೇಂದ್ರವಾಗಿತ್ತು. ನೂರು ವರ್ಷಗಳ ನಂತರ ಅದೇ ಸ್ಟಾಕ್ಟನ್‌ನಲ್ಲಿ ಬೆಳೆದ ಜಾಸ್ಮಿನ್ ಸ್ಯಾಂಡ್ಲಸ್ ಪಂಜಾಬಿ ಪಾಪ್‌ನ ಪ್ರಮುಖ ಗಾಯಕಿಯಾದದ್ದನ್ನು ಕಾಕತಾಳೀಯವೆಂದು ತಳ್ಳಿಹಾಕುವಂತಿಲ್ಲ. ವಲಸೆಯ ಬೀದಿಗಳು ಬಹಳ ಕಾಲ ಒಂದೇ ಊರುಗಳನ್ನು ಹಾದುಹೋಗುತ್ತವೆ.

ನಾಡಿನೊಳಗೆ ಈ ಸಂಗೀತಕ್ಕೆ ಆಧುನಿಕ ರೂಪ ಕೊಟ್ಟ ಮೊದಲ ಶಕ್ತಿ ರೇಡಿಯೋ. 1937ರಲ್ಲಿ ಆರಂಭವಾದ ಲಾಹೋರ್ ಆಕಾಶವಾಣಿಯಿಂದ ಪ್ರಕಾಶ್ ಕೌರ್, ಸುರಿಂದರ್ ಕೌರ್ ಸೋದರಿಯರ ಕಂಠದಲ್ಲಿ ಹೆಂಗಸರ ಅಂಗಳದ ಹಾಡುಗಳು ಮೂರು ನಿಮಿಷದ ಧ್ವನಿಮುದ್ರಿಕೆಗಳಾದವು, ವಿಭಜನೆಯ ನಂತರ ದೆಹಲಿಯಿಂದ ಅದೇ ಹಾಡುಗಳು ಮುಂದುವರಿದವು. ಲಾಯಲ್‌ಪುರ ಜಿಲ್ಲೆಯಿಂದ ನಿರಾಶ್ರಿತರಾಗಿ ಲುಧಿಯಾನಕ್ಕೆ ಬಂದ ಲಾಲ್ ಚಂದ್ ಯಮ್ಲಾ ಜಟ್ ತುಂಬಿಯನ್ನು ಮನೆಮಾತಾಗಿಸಿದರು. ತುಂಬಿ ಎಂಬುದು ಚಿಕ್ಕ ಬುರುಡೆಗೆ ಚರ್ಮ ಬಿಗಿದು ಕೋಲಿಗೆ ಒಂದೇ ತಂತಿಯನ್ನು ಎಳೆದ ವಾದ್ಯ. ತೋರುಬೆರಳಿನಿಂದ ಮೀಟಿದಾಗ ಮೂರು ನಾಲ್ಕು ಸ್ವರಗಳ ಚಿಕ್ಕ ಸುರುಳಿಯೊಂದು ತಾರಸ್ಥಾಯಿಯಲ್ಲಿ ಮತ್ತೆ ಮತ್ತೆ ತಿರುಗುತ್ತದೆ. ಯಂತ್ರಗಳ ಸಹಾಯದಿಂದ ಸಣ್ಣ ನಾದಖಂಡವನ್ನು ಪುನರಾವರ್ತಿಸುವುದೇ ಇಂದಿನ ನೃತ್ಯಸಂಗೀತದ ಅಡಿಪಾಯವಾಗಿರುವುದರಿಂದ ತುಂಬಿ ಅದರೊಳಗೆ ಸಲೀಸಾಗಿ ಕುಳಿತುಕೊಂಡಿತು, ಮತ್ತು 2001ರಲ್ಲಿ ಅಮೆರಿಕದ ಗಾಯಕಿ ಮಿಸ್ಸಿ ಎಲಿಯಟ್‌ಗಾಗಿ ಟಿಂಬಲ್ಯಾಂಡ್ ರೂಪಿಸಿದ ಪ್ರಸಿದ್ಧ ಗೀತೆಯೊಂದರ ಬೆನ್ನೆಲುಬು ತುಂಬಿಯ ನಾದವೇ ಆಯಿತು.

ಭಾಂಗ್ಡಾ ಕುರಿತು ಒಂದು ತಪ್ಪುಕಲ್ಪನೆಯನ್ನು ಇಲ್ಲಿ ಸರಿಪಡಿಸಬೇಕು. ಸುಗ್ಗಿಯ ಕಾಲದ ಅನಾದಿ ನೃತ್ಯವೆಂದು ಪ್ರವಾಸಿ ಕೈಪಿಡಿಗಳು ಬಣ್ಣಿಸುವ ಭಾಂಗ್ಡಾ, ಇಂದು ಕಾಣುವ ರೂಪದಲ್ಲಿ, ಸ್ವಾತಂತ್ರ್ಯಾನಂತರದ ವೇದಿಕೆಯ ಸೃಷ್ಟಿ. ವೈಶಾಖಿಯ ಹೊತ್ತಿಗೆ ಪಶ್ಚಿಮ ಪಂಜಾಬಿನ ಕೆಲವು ಜಿಲ್ಲೆಗಳಲ್ಲಿ ಗಂಡಸರು ಆಡುತ್ತಿದ್ದ ಕುಣಿತಕ್ಕೆ ಬೇರೆ ಬೇರೆ ಸೀಮೆಗಳ ಹೆಜ್ಜೆಗಳನ್ನು ಸೇರಿಸಿ, ಬಣ್ಣದ ಉಡುಪು ತೊಡಿಸಿ ಕಟ್ಟಿದ ಈ ರೂಪವನ್ನು ಆಗಿನ ಪೆಪ್ಸು ರಾಜ್ಯದ, ಎಂದರೆ ಪಟಿಯಾಲ ಮತ್ತಿತರ ಸಂಸ್ಥಾನಗಳು ಸೇರಿ ಆದ ರಾಜ್ಯದ ತಂಡವು 1954ರ ಗಣರಾಜ್ಯೋತ್ಸವದಲ್ಲಿ ದೆಹಲಿಯಲ್ಲಿ ಪ್ರದರ್ಶಿಸಿತು. ಅಲ್ಲಿಂದ ಕಾಲೇಜುಗಳ ಯುವಜನೋತ್ಸವ ಮತ್ತು ಚಲನಚಿತ್ರಗಳಿಗೆ ಹರಡಿದ ಅದು ಬ್ರಿಟನ್ನಿಗೆ ಹೋದ ತರುಣರ ನೆನಪಿನಲ್ಲಿ ಊರಿನ ಗುರುತಾಗಿ ಉಳಿಯಿತು. ಅಂದರೆ ವಲಸೆಗಾರರು ಜೊತೆಗೊಯ್ದ ಪರಂಪರೆ ಅವರಿಗಿಂತ ಹೆಚ್ಚು ವಯಸ್ಸಿನದಾಗಿರಲಿಲ್ಲ, ಮುರಿದು ಕಟ್ಟಲು ಅವರು ಅಂಜದೆ ಇದ್ದುದಕ್ಕೆ ಇದೂ ಒಂದು ಕಾರಣವಿರಬಹುದು.

ಲುಧಿಯಾನವು ಪಂಜಾಬಿ ಹಾಡಿನ ವ್ಯಾಪಾರ ಕೇಂದ್ರವಾದದ್ದು 1960 ಮತ್ತು 70ರ ದಶಕಗಳಲ್ಲಿ. ಉಣ್ಣೆಬಟ್ಟೆ ಮತ್ತು ಸೈಕಲ್ ಕಾರ್ಖಾನೆಗಳ ಈ ನಗರದ ಬಸ್ ನಿಲ್ದಾಣದ ಆಸುಪಾಸಿನಲ್ಲಿ ಗಾಯಕರು ಕಚೇರಿಗಳನ್ನು ತೆರೆದು, ಹೆಸರಿನ ಫಲಕ ತೂಗುಹಾಕಿ, ಮದುವೆಯ ದಿನ ಗೊತ್ತುಮಾಡಲು ಹಳ್ಳಿಗಳಿಂದ ಬಸ್ಸಿನಲ್ಲಿ ಬರುವವರಿಗಾಗಿ ಕಾಯುತ್ತಿದ್ದರು. ಹಸಿರು ಕ್ರಾಂತಿಯಿಂದ ಕೈಯಲ್ಲಿ ಹಣ ಆಡತೊಡಗಿದ ರೈತರು ಮದುವೆಯ ದಿನ ಅಂಗಳದಲ್ಲೋ ಮನೆಯ ಮಾಳಿಗೆಯ ಮೇಲೋ ಏರ್ಪಡಿಸುತ್ತಿದ್ದ ಬಯಲು ಕಚೇರಿಗೆ ಅಖಾಡಾ ಎಂದು ಹೆಸರು. ಊರಿಗೆ ಊರೇ ನೆರೆಯುತ್ತಿದ್ದ ಅಖಾಡಾದಲ್ಲಿ ಗಂಡು ಹೆಣ್ಣಿನ ಸವಾಲು ಜವಾಬಿನ ಯುಗಳಗೀತೆಯೇ ಮುಖ್ಯ ಆಕರ್ಷಣೆಯಾಗಿದ್ದು, ಮುಹಮ್ಮದ್ ಸಾದಿಕ್ ಮತ್ತು ರಣಜಿತ್ ಕೌರ್ ಅಂಥ ಜೋಡಿಗಳಲ್ಲಿ ಹೆಸರಾದವರು. ಕುಲದೀಪ್ ಮಾಣಕ್ ಮಾತ್ರ ಕಲೀ ಎಂಬ ನೀಳವಾದ ಕಥನಗೀತದ ಪ್ರಕಾರವನ್ನು ಹಿಡಿದು ಏರುಕಂಠದಲ್ಲಿ ಒಬ್ಬರೇ ಹಾಡಿ ಗೆದ್ದರು.

ಅಖಾಡಾದ ಅತಿ ಎತ್ತರದ ಹೆಸರು ಅಮರ್ ಸಿಂಗ್ ಚಮ್ಕೀಲಾ ಅವರದು. ಲುಧಿಯಾನದ ಬಳಿಯ ದುಗ್ರಿ ಗ್ರಾಮದ ದಲಿತ ಕುಟುಂಬದಲ್ಲಿ 1960ರಲ್ಲಿ ಹುಟ್ಟಿ, ಬಟ್ಟೆ ಕಾರ್ಖಾನೆಯಲ್ಲಿ ದುಡಿದು, ಗಾಯಕ ಸುರಿಂದರ್ ಶಿಂದಾ ಅವರ ಬಳಿ ಪಳಗಿದ ಚಮ್ಕೀಲಾ ತಾವೇ ಪದ ಕಟ್ಟಿ, ಧಾಟಿ ಹಾಕಿ, ತುಂಬಿ ಹಿಡಿದು ಹಾಡುತ್ತಿದ್ದರು. ಜೊತೆಗಾತಿ ಅಮರ್‌ಜೋತ್ ಅವರ ಹೆಂಡತಿಯೂ ಆದರು. ಅನೈತಿಕ ಸಂಬಂಧ, ಕುಡಿತ, ಭಾವ ನಾದಿನಿಯರ ಚೆಲ್ಲಾಟಗಳನ್ನು ಮುಚ್ಚುಮರೆಯಿಲ್ಲದೆ ಹಾಡಿದ್ದಕ್ಕೆ ಸಭ್ಯರ ಸಿಟ್ಟು ಅವರ ಮೇಲಿತ್ತು, ಆ ಸಭ್ಯರ ಮನೆಗಳಲ್ಲೂ ಅವರ ಕ್ಯಾಸೆಟ್ಟುಗಳಿದ್ದವು. 1980ರ ದಶಕದಲ್ಲಿ ಬೆಳೆದ ಕ್ಯಾಸೆಟ್ ಉದ್ಯಮ ಅವರ ಹಾಡನ್ನು ಟ್ರ್ಯಾಕ್ಟರು, ಲಾರಿ, ಧಾಬಾಗಳಿಗೂ, ಅಲ್ಲಿಂದ ಕೆನಡಾ ಮತ್ತು ಬ್ರಿಟನ್ನಿನ ಪಂಜಾಬಿ ಸಭಾಂಗಣಗಳಿಗೂ ತಲುಪಿಸಿತು. 1984ರ ಸ್ವರ್ಣಮಂದಿರದ ಸೇನಾ ಕಾರ್ಯಾಚರಣೆ, ಅದರ ಬೆನ್ನಿಗೆ ಇಂದಿರಾ ಗಾಂಧಿಯವರ ಹತ್ಯೆ ಮತ್ತು ಸಿಖ್ಖರ ಮಾರಣಹೋಮ ನಡೆದ ಮೇಲೆ ಉಗ್ರಗಾಮಿಗಳ ಬೆದರಿಕೆ ಮತ್ತು ಪೊಲೀಸರ ಬಿಗಿಯ ನಡುವೆ ಅಖಾಡಾಗಳು ಒಂದೊಂದಾಗಿ ನಿಂತವು. 1988ರ ಮಾರ್ಚ್ 8ರಂದು ಜಲಂಧರ್ ಜಿಲ್ಲೆಯ ಮೆಹ್‌ಸಮ್‌ಪುರದಲ್ಲಿ ಕಾರ್ಯಕ್ರಮಕ್ಕೆಂದು ಕಾರಿನಿಂದ ಇಳಿಯುತ್ತಿದ್ದ ಚಮ್ಕೀಲಾ ಮತ್ತು ಅಮರ್‌ಜೋತ್ ಗುಂಡೇಟಿಗೆ ಬಲಿಯಾದರು. ಕೊಂದವರು ಯಾರೆಂಬುದು ನ್ಯಾಯಾಲಯದಲ್ಲಿ ಸಾಬೀತಾಗಲೇ ಇಲ್ಲ.

ಊರಿನಲ್ಲಿ ಹಾಡು ಹೀಗೆ ಹಿಂಜರಿಯುತ್ತಿದ್ದ ದಶಕದಲ್ಲೇ ಅದು ಬ್ರಿಟನ್ನಿನಲ್ಲಿ ಉಚ್ಛ್ರಾಯಕ್ಕೆ ಬಂತು. ಎರಡನೆಯ ಮಹಾಯುದ್ಧದ ನಂತರ ಬರ್ಮಿಂಗ್‌ಹ್ಯಾಮ್ ಸುತ್ತಲಿನ ಎರಕದ ಕಾರ್ಖಾನೆಗಳಿಗೆ, ಲಂಡನ್ನಿನ ಪಶ್ಚಿಮಕ್ಕಿರುವ ಸೌತ್‌ಹಾಲ್‌ನ ರಬ್ಬರ್ ಕಾರ್ಖಾನೆಗೆ, ಹೀಥ್ರೋ ವಿಮಾನನಿಲ್ದಾಣದ ಕೆಲಸಗಳಿಗೆ ಹೋಗಿ ಸೇರಿದ ಪಂಜಾಬಿಗಳು ಹೆಂಡತಿ ಮಕ್ಕಳನ್ನು ಕರೆಸಿಕೊಂಡ ಮೇಲೆ ಮದುವೆಗಳು ನಡೆಯತೊಡಗಿದವು, ಮದುವೆಗಳಿಗೆ ಹಾಡುಗಾರರು ಬೇಕಾದರು. ಹಗಲು ಕಾರ್ಖಾನೆಯಲ್ಲಿ ದುಡಿದು ವಾರಾಂತ್ಯದಲ್ಲಿ ಹಾರ್ಮೋನಿಯಂ ಢೋಲಕ್ ಹಿಡಿಯುವವರ ತಂಡಗಳು ಹುಟ್ಟಿದ್ದು ಈ ಬೇಡಿಕೆಯಿಂದ. 1967ರಲ್ಲಿ ಬರ್ಮಿಂಗ್‌ಹ್ಯಾಮ್ ಪ್ರದೇಶದಲ್ಲಿ ಕಟ್ಟಿದ ಭುಜಂಗಿ ಗ್ರೂಪ್ ಆ ಪೈಕಿ ಮೊದಲನೆಯವುಗಳಲ್ಲೊಂದು. ಗಿಟಾರು ಮತ್ತು ಸಿಂಥಸೈಜರುಗಳನ್ನು ಢೋಲಿನ ಜೊತೆ ಸೇರಿಸಿ ಬ್ರಿಟಿಷ್ ಭಾಂಗ್ಡಾಕ್ಕೆ ಗುರುತಿಸಬಹುದಾದ ನಾದವನ್ನು ಕೊಟ್ಟದ್ದು 1977ರಲ್ಲಿ ಸೌತ್‌ಹಾಲ್‌ನಲ್ಲಿ ಚನ್ನಿ ಸಿಂಗ್ ಕಟ್ಟಿದ ಆಲಾಪ್ ತಂಡ. ಸೌತ್‌ಹಾಲ್‌ನವರೇ ಆದ ಮೊಹಿಂದರ್ ಕೌರ್ ಭಾಮ್ರಾ, ತಮ್ಮ ಮಗ ಕುಲಜಿತ್ ಅವರ ಸಂಗೀತದಲ್ಲಿ 1982ರಲ್ಲಿ ಪಂಜಾಬಿ ಡಿಸ್ಕೋ ಎಂಬ ಧ್ವನಿಮುದ್ರಿಕೆಯನ್ನೇ ತಂದರು. ಅದಕ್ಕೆ ಸಲ್ಲಬೇಕಾದ ಮನ್ನಣೆ ಸಂದಿದ್ದು ದಶಕಗಳು ಕಳೆದ ಮೇಲೆ.

ಈ ಹಾಡುಗಳು ಮಾರಾಟವಾದ ರೀತಿಯನ್ನು ಗಮನಿಸದೆ ಮುಂದಿನದು ಅರ್ಥವಾಗದು. ಬರ್ಮಿಂಗ್‌ಹ್ಯಾಮ್‌ನಲ್ಲಿ 1966ರಲ್ಲಿ ಮುಹಮ್ಮದ್ ಅಯೂಬ್ ತೆರೆದ ಓರಿಯೆಂಟಲ್ ಸ್ಟಾರ್ ಏಜೆನ್ಸೀಸ್ ಎಂಬ ಅಂಗಡಿ ಕ್ರಮೇಣ ಧ್ವನಿಮುದ್ರಣ ಕಂಪನಿಯಾಗಿ ಬೆಳೆದು, ಜಲಂಧರ್ ಸೀಮೆಯಿಂದ ಬಂದ ಮಲ್ಕೀತ್ ಸಿಂಗ್ ಅವರ ಭಾಂಗ್ಡಾವನ್ನೂ ಫೈಸಲಾಬಾದಿನ ಕವ್ವಾಲಿ ಗಾಯಕ ನುಸ್ರತ್ ಫತೇ ಅಲಿ ಖಾನ್ ಅವರ ಹಾಡುಗಳನ್ನೂ ಒಂದೇ ಕಪಾಟಿನಿಂದ ಮಾರಿತು. ಗಡಿಯಲ್ಲಿ ಹರಿದುಹೋಗಿದ್ದ ಎರಡು ಪಂಜಾಬುಗಳು ಈ ಅಂಗಡಿಗಳಲ್ಲಿ ಮತ್ತೆ ಒಂದು ಮಾರುಕಟ್ಟೆಯಾದವು ಎಂದರೆ ತಪ್ಪಾಗದು. ಕ್ಯಾಸೆಟ್ಟುಗಳು ದಿನಸಿ ಅಂಗಡಿಗಳಲ್ಲೂ ಸೀರೆ ಅಂಗಡಿಗಳಲ್ಲೂ ಬಿಕರಿಯಾಗುತ್ತಿದ್ದುದರಿಂದ, ಬ್ರಿಟನ್ನಿನ ಜನಪ್ರಿಯ ಗೀತೆಗಳ ವಾರದ ಪಟ್ಟಿಯನ್ನು ಸಿದ್ಧಪಡಿಸುವವರು ನಿಗದಿಪಡಿಸಿದ ಸಂಗೀತದ ಅಂಗಡಿಗಳ ಲೆಕ್ಕದೊಳಗೆ ಅವು ಬರುತ್ತಲೇ ಇರಲಿಲ್ಲ. ಬಿಳಿಯರ ಉದ್ಯಮದ ಕಣ್ಣಿಗೆ ಬೀಳದೆಯೇ ಒಂದು ಇಡೀ ಉದ್ಯಮ ಹೀಗೆ ಬೆಳೆಯಿತು.

ಎರಡನೆಯ ತಲೆಮಾರು ಶಾಲೆಯಲ್ಲಿ ಇಂಗ್ಲಿಷ್ ಕಲಿತು, ಬರ್ಮಿಂಗ್‌ಹ್ಯಾಮ್‌ನ ಹ್ಯಾಂಡ್ಸ್‌ವರ್ತ್‌ನಂಥ ಬಡಾವಣೆಗಳಲ್ಲಿ ಜಮೈಕಾದಿಂದ ಬಂದವರ ಮಕ್ಕಳ ಜೊತೆ ಬೆಳೆಯಿತು. ಢೋಲಿನ ಚಾಲ್ ಎಂಬ ಮೂಲ ನಡೆ ಎಂಟು ಮಾತ್ರೆಯದು. ಅದರ ಪೆಟ್ಟುಗಳು ಸಮನಾಗಿ ಬೀಳದೆ ತೂಗುವುದರಿಂದ ರೆಗ್ಗೇ, ಹಿಪ್‌ಹಾಪ್‌ಗಳ ಮಂದ್ರದ ಗುಡುಗಿನ ಮೇಲೆ ಅದನ್ನು ಕೂರಿಸುವುದು ಕಷ್ಟವಾಗಲಿಲ್ಲ. ರಾತ್ರಿ ಹೊರಗೆ ಹೋಗಲು ಮನೆಯಲ್ಲಿ ಅನುಮತಿ ಸಿಗದ ಹುಡುಗ ಹುಡುಗಿಯರಿಗಾಗಿ 1980ರ ದಶಕದ ನಡುವಿನಿಂದ ಮಧ್ಯಾಹ್ನದ ಹೊತ್ತಿನಲ್ಲೇ ನೃತ್ಯಕೂಟಗಳನ್ನು ಏರ್ಪಡಿಸುವ ವಾಡಿಕೆ ಬೆಳೆದು, ಶಾಲೆಯ ಚೀಲದಲ್ಲಿ ಬೇರೆ ಬಟ್ಟೆ ಇಟ್ಟುಕೊಂಡು ಹೋಗುವ ಮಕ್ಕಳಿಂದ ಲಂಡನ್ ಮತ್ತು ಬರ್ಮಿಂಗ್‌ಹ್ಯಾಮ್‌ಗಳ ಸಭಾಂಗಣಗಳು ತುಂಬಿದವು. ಡೇಟೈಮರ್ ಎಂದೇ ಹೆಸರಾದ ಈ ಕೂಟಗಳಿಂದ ಭಾಂಗ್ಡಾ ಮೊದಲ ಬಾರಿಗೆ ಹಿರಿಯರ ಮದುವೆಯಿಂದ ಬಿಡುಗಡೆ ಪಡೆಯಿತು.

ಎರಡು ಹಾಡುಗಳನ್ನು ಹೋಲಿಸಿದರೆ ಈ ಚರಿತ್ರೆಯ ತಿರುಳು ಸ್ಪಷ್ಟವಾಗುತ್ತದೆ. ಹ್ಯಾಂಡ್ಸ್‌ವರ್ತ್‌ನ ಸ್ಟೀವನ್ ಕಪೂರ್, ಅಪಾಚೆ ಇಂಡಿಯನ್ ಎಂಬ ಹೆಸರಿನಲ್ಲಿ, ಜಮೈಕಾದ ಆಡುನುಡಿಯ ಇಂಗ್ಲಿಷನ್ನು ಮುಂದಿಟ್ಟುಕೊಂಡು ಹಾಡಿದ ಗೀತೆ 1993ರಲ್ಲಿ ಬ್ರಿಟನ್ನಿನ ಮೊದಲ ಐದರೊಳಗೆ ಬಂತು; ದೊಡ್ಡ ಕಂಪನಿಯ ಬೆಂಬಲ, ವಿಶಾಲ ಕೇಳುಗವರ್ಗದ ಗುರಿ ಎರಡೂ ಅದಕ್ಕಿದ್ದವು. ಕೊವೆಂಟ್ರಿಯ ರಾಜಿಂದರ್ ರಾಯ್, ಎಂದರೆ ಪಂಜಾಬಿ ಎಂಸಿ, ಲಾಭ್ ಜಂಜುವಾ ಅವರ ಕಂಠದ ಅಪ್ಪಟ ಪಂಜಾಬಿ ಹಾಡನ್ನು ತುಂಬಿಯ ಸುರುಳಿ ಮತ್ತು ಅಮೆರಿಕದ ನೈಟ್ ರೈಡರ್ ಎಂಬ ದೂರದರ್ಶನ ಧಾರಾವಾಹಿಯ ರಾಗದೊಂದಿಗೆ ಹೆಣೆದು 1998ರಲ್ಲಿ ಚಿಕ್ಕ ಕಂಪನಿಯೊಂದರ ಮೂಲಕ ಹೊರತಂದದ್ದು ಮದುವೆ ಮತ್ತು ಕೂಟಗಳ ಪಂಜಾಬಿ ಗಿರಾಕಿಗಾಗಿಯೇ. ‘ಮುಂಡಿಯಾಂ ತೋ ಬಚ್ ಕೇ’ ಎಂಬ ಆ ಹಾಡು ನಾಲ್ಕು ವರ್ಷ ತನ್ನವರ ನಡುವೆಯೇ ತಿರುಗಾಡಿ, 2002ರ ಕೊನೆಗೆ ಜರ್ಮನಿಯ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೂ 2003ರ ಜನವರಿಯಲ್ಲಿ ಬ್ರಿಟನ್ನಿನಲ್ಲಿ ಐದನೆಯ ಸ್ಥಾನಕ್ಕೂ ಏರಿತು. ಅದೇ ವರ್ಷ ನ್ಯೂಯಾರ್ಕಿನ ರ‍್ಯಾಪ್ ಗಾಯಕ ಜೇ-ಝೀ ಅದರ ಮೇಲೆ ತಮ್ಮ ಸಾಲುಗಳನ್ನು ಸೇರಿಸಿದರು. ಹೊರಗಿನವರನ್ನು ಮೆಚ್ಚಿಸಲು ಭಾಷೆಯನ್ನು ಸಡಿಲಿಸಿದ ಹಾಡಿಗಿಂತ, ತನ್ನವರಿಗಾಗಿ ಹುಟ್ಟಿದ ಹಾಡೇ ಮುಂದಿನ ತಲೆಮಾರಿನ ಸಂಗೀತಗಾರರಿಗೆ ಮಾದರಿಯಾಯಿತು.

ಭಾರತದೊಳಗಿನ 1990ರ ದಶಕದ ಕಥೆ ಹೆಚ್ಚು ಪರಿಚಿತವಾದದ್ದು. ಜಲಂಧರ್ ದೂರದರ್ಶನದಿಂದ ಹೆಸರಾದ ಗುರುದಾಸ್ ಮಾನ್ ಹಾಕಿಕೊಟ್ಟ ದಾರಿಯಲ್ಲಿ ಉಪಗ್ರಹ ವಾಹಿನಿಗಳ ಕಾಲಕ್ಕೆ ಬಂದವರು ದಲೇರ್ ಮೆಹಂದಿ. ಪಟ್ನಾದಲ್ಲಿ ಹುಟ್ಟಿದ ಈ ಗಾಯಕರ 1995ರ ‘ಬೋಲೋ ತಾ ರಾ ರಾ’ ಪಂಜಾಬಿ ಬಾರದ ಊರುಗಳಲ್ಲೂ ಮೆರವಣಿಗೆಯ ಹಾಡಾಯಿತು. ಅವರ 1998ರ ‘ತುನಕ್ ತುನಕ್ ತುನ್’ ಇಂಟರ್‌ನೆಟ್ ಯುಗದಲ್ಲಿ ಮರುಹುಟ್ಟು ಪಡೆದು, ಅದರ ಕುಣಿತವನ್ನು ಅಮೆರಿಕದ ಗಣಕ ಆಟವೊಂದರ ಪಾತ್ರಗಳೂ ಅನುಕರಿಸಿದವು. ಇದೇ ಹೊತ್ತಿನಿಂದ ಹಿಂದಿ ಸಿನಿಮಾ ಪ್ರತಿ ಮದುವೆಯ ದೃಶ್ಯಕ್ಕೂ ಪಂಜಾಬಿ ಢೋಲನ್ನು ಎರವಲು ಪಡೆಯತೊಡಗಿತು. ಸಿನಿಮಾದಿಂದ ಪಂಜಾಬಿ ಹಾಡು ಬೆಳೆಯಿತೆಂದು ಬರೆಯುವವರು ಸಾಲಗಾರನನ್ನೇ ಸಾಹುಕಾರನೆಂದು ತಿಳಿದಂತಾಗುತ್ತದೆ.

ಬ್ರಿಟನ್ನಿನಿಂದ ಕೆನಡಾಕ್ಕೆ ಕೇಂದ್ರ ಸರಿದದ್ದು 2010ರ ನಂತರದ ಬೆಳವಣಿಗೆ. ಬ್ರಿಟಿಷ್ ಕೊಲಂಬಿಯಾದ ಸರ್ರೆ, ಆಂಟೇರಿಯೋದ ಬ್ರಾಂಪ್ಟನ್ ನಗರಗಳಲ್ಲಿ ಪಂಜಾಬಿಗಳ ದೊಡ್ಡ ನೆಲೆಗಳು ಮೊದಲೇ ಇದ್ದವು. 2021ರ ಜನಗಣತಿಯ ಪ್ರಕಾರ ಕೆನಡಾದ ಸಿಖ್ಖರ ಸಂಖ್ಯೆ ಸುಮಾರು 7.7 ಲಕ್ಷ, ಎಂದರೆ ಜನಸಂಖ್ಯೆಯ ಶೇ. 2ಕ್ಕೂ ಮಿಗಿಲು, ಅನುಪಾತದಲ್ಲಿ ಇದು ಭಾರತಕ್ಕಿಂತ ಹೆಚ್ಚು. ಹೊಸದಾಗಿ ಸೇರಿದ್ದು ವಿದ್ಯಾರ್ಥಿಗಳ ಅಲೆ. ಅಂತರ್ಜಲ ಇಳಿದು, ಹಿಡುವಳಿ ಹರಿದು ಹಂಚಿ, ಬೇಸಾಯದಲ್ಲಿ ಭವಿಷ್ಯ ಕಾಣದ ಮನೆಗಳು ಜಮೀನನ್ನು ಅಡವಿಟ್ಟು ಮಕ್ಕಳನ್ನು ಕೆನಡಾದ ಕಾಲೇಜುಗಳಿಗೆ ಕಳಿಸತೊಡಗಿದವು, ಮತ್ತು ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಗೆ ತರಬೇತಿ ಕೊಡುವ ಕೇಂದ್ರಗಳ ಫಲಕಗಳು ಪಂಜಾಬಿನ ಸಣ್ಣ ಪೇಟೆಗಳನ್ನೂ ಆವರಿಸಿದವು. ಹಿಂದಿನ ವಲಸೆ ಮುಖ್ಯವಾಗಿ ದೋಆಬಾದ್ದಾಗಿದ್ದರೆ ಈ ಅಲೆ ಹತ್ತಿ ಬೆಳೆಯುವ ಮಾಲ್ವಾವನ್ನೂ ಎಳೆದುಕೊಂಡಿತು. ಇಪ್ಪತ್ತರ ವಯಸ್ಸಿನ, ಒಂಟಿಯಾದ, ಲಾರಿ ಓಡಿಸಿಯೋ ಗೋದಾಮಿನಲ್ಲಿ ದುಡಿದೋ ಶುಲ್ಕ ಕಟ್ಟುವ ಈ ತರುಣರೇ ಹೊಸ ಪಂಜಾಬಿ ಹಾಡಿನ ಕರ್ತೃಗಳೂ ಕೇಳುಗರೂ ಆದರು. ಬಾಡಿಗೆ ಮನೆಯ ನೆಲಮಾಳಿಗೆಯಲ್ಲಿ ಒಂದು ಗಣಕ, ಒಂದು ಮೈಕು ಇದ್ದರೆ ಹಾಡು ಸಿದ್ಧವಾಗುತ್ತಿತ್ತು. ಅದನ್ನು ಊರಿಗೆ ತಲುಪಿಸಲು ಯೂಟ್ಯೂಬ್ ಸಾಕಿತ್ತು.

ಶುಭದೀಪ್ ಸಿಂಗ್ ಸಿಧು ಈ ಘಟ್ಟದ ಅತ್ಯಂತ ಪ್ರಬಲ ಮತ್ತು ಅತ್ಯಂತ ವಿವಾದಾಸ್ಪದ ಪ್ರತಿಭೆ. ಮಾನ್ಸಾ ಜಿಲ್ಲೆಯ ಮೂಸಾ ಗ್ರಾಮದಲ್ಲಿ 1993ರಲ್ಲಿ ಹುಟ್ಟಿ, ಲುಧಿಯಾನದಲ್ಲಿ ಎಂಜಿನಿಯರಿಂಗ್ ಓದಿ, 2016ರಲ್ಲಿ ಬ್ರಾಂಪ್ಟನ್‌ಗೆ ವಿದ್ಯಾರ್ಥಿಯಾಗಿ ಹೋದ ಅವರು ಊರಿನ ಹೆಸರನ್ನೇ ಧರಿಸಿ ಸಿಧು ಮೂಸೆವಾಲಾ ಆದರು. ಅಮೆರಿಕದ ಗ್ಯಾಂಗ್‌ಸ್ಟರ್ ರ‍್ಯಾಪ್‌ನ ಹೂಂಕಾರಕ್ಕೆ ಮಾಲ್ವಾದ ಒರಟು ನುಡಿಯನ್ನೂ ಕಲೀ ಗಾಯನದ ಏರುಕಂಠವನ್ನೂ ಕೂಡಿಸಿದ್ದು ಅವರ ಹೊಸತನ. ಲಂಡನ್, ಟೊರಾಂಟೊಗಳ ಕೇಳುಗರನ್ನು ಗಳಿಸಿದ ಮೇಲೆ ಅವರು ಹಳ್ಳಿಗೆ ಮರಳಿ ಅಲ್ಲಿಂದಲೇ ಹಾಡತೊಡಗಿದ್ದು ವಲಸೆಯ ಈ ಚರಿತ್ರೆಯಲ್ಲಿ ಅಪರೂಪದ ಹಿಮ್ಮುಖ ಪಯಣ. ಅವರ ದೃಶ್ಯಗೀತೆಗಳಲ್ಲಿ ದುಬಾರಿ ಕಾರುಗಳಿಗೆ ಸಮನಾಗಿ ನಿಲ್ಲುತ್ತಿದ್ದುದು ಎಚ್‌ಎಂಟಿ 5911 ಟ್ರ್ಯಾಕ್ಟರು. ಬೆಂಗಳೂರಿನಲ್ಲಿ 1953ರಲ್ಲಿ ಹುಟ್ಟಿ ಕನ್ನಡಿಗರಿಗೆ ಕೈಗಡಿಯಾರದಿಂದ ಆಪ್ತವಾಗಿದ್ದ ಕಂಪನಿಯು ಪಿಂಜೋರಿನ ಕಾರ್ಖಾನೆಯಲ್ಲಿ ತಯಾರಿಸಿ, ಕೊನೆಗೆ ನಿಲ್ಲಿಸಿಬಿಟ್ಟ ಟ್ರ್ಯಾಕ್ಟರೊಂದು ಹೀಗೆ ಪಂಜಾಬಿ ಯುವಕರ ಹೆಮ್ಮೆಯ ಲಾಂಛನವಾಯಿತು. 2022ರ ಫೆಬ್ರುವರಿಯಲ್ಲಿ ನಡೆದ ಚುನಾವಣೆಯಲ್ಲಿ ಮಾನ್ಸಾ ವಿಧಾನಸಭಾ ಕ್ಷೇತ್ರದಿಂದ ಕಾಂಗ್ರೆಸ್ ಅಭ್ಯರ್ಥಿಯಾಗಿ ಸೋತ ಸಿಧು ಅದೇ ವರ್ಷದ ಮೇ 29ರಂದು ಜವಾಹರ್ಕೆ ಗ್ರಾಮದಲ್ಲಿ ಕೊಲೆಯಾದರು. ಅಂತಿಮಯಾತ್ರೆಗೆ ಅದೇ ಟ್ರ್ಯಾಕ್ಟರು ಬಂತು. ಮರಣಾನಂತರ ಬಿಡುಗಡೆಯಾದ ‘ಎಸ್‌ವೈಎಲ್’, ಸಟ್ಲೆಜ್ ಮತ್ತು ಯಮುನಾ ನದಿಗಳನ್ನು ಜೋಡಿಸುವ ಕಾಲುವೆಯ ಹಳೆಯ ನೀರಿನ ತಗಾದೆಯನ್ನು ಎತ್ತಿಕೊಂಡ ಹಾಡು, ಕೆಲವೇ ದಿನಗಳಲ್ಲಿ ಭಾರತದ ಯೂಟ್ಯೂಬಿನಲ್ಲಿ ಕಾಣದಾಯಿತು.

ಉಳಿದವರ ಏರಿಕೆಯನ್ನು ಬೇಗ ಹೇಳಿ ಮುಗಿಸಬಹುದು. ವಿದ್ಯಾರ್ಥಿಯಾಗಿ ಹೋದ ಎ.ಪಿ. ಧಿಲ್ಲೋನ್ ಗೆಳೆಯರೊಡನೆ ಮಾಡಿದ ‘ಬ್ರೌನ್ ಮುಂಡೆ’ 2020ರಲ್ಲಿ ಬಂದು, ವೀರಾವೇಶಕ್ಕಿಂತ ಮೆಲುದನಿಯ ಪಾಪ್‌ಗೆ ದಾರಿ ತೆರೆಯಿತು. 2023ರಲ್ಲಿ ಕೆನಡಾದ ಜೂನೋ ಪ್ರಶಸ್ತಿ ಸಮಾರಂಭದಲ್ಲಿ ಅವರು ಪಂಜಾಬಿಯಲ್ಲಿ ಹಾಡಿದರೆ, ಮರುವರ್ಷ ಲುಧಿಯಾನ ಜಿಲ್ಲೆಯ ಘುರಾಲಾ ಗ್ರಾಮದ ಕರಣ್ ಔಜ್ಲಾ ಅದೇ ಸಂಸ್ಥೆಯ ಅಭಿಮಾನಿಗಳ ಆಯ್ಕೆಯ ಪ್ರಶಸ್ತಿ ಪಡೆದರು. 2024ರ ಏಪ್ರಿಲ್‌ನಲ್ಲಿ ವ್ಯಾಂಕೂವರ್‌ನ ಬಿಸಿ ಪ್ಲೇಸ್ ಕ್ರೀಡಾಂಗಣದಲ್ಲಿ ದಿಲ್ಜಿತ್ ಅವರ ಹಾಡಿಗೆ 50,000ಕ್ಕೂ ಹೆಚ್ಚು ಜನ ಸೇರಿದರು. ಜಾಗತಿಕ ಕಂಪನಿಯಾದ ವಾರ್ನರ್ ತನ್ನ ಕೆನಡಾ ಮತ್ತು ಭಾರತದ ಶಾಖೆಗಳನ್ನು ಸೇರಿಸಿ 91 ನಾರ್ತ್ ರೆಕಾರ್ಡ್ಸ್ ಎಂಬ ವಿಭಾಗವನ್ನು ಹುಟ್ಟುಹಾಕಿದ್ದು 2023ರಲ್ಲಿ, ಎಂದರೆ ಕ್ರೀಡಾಂಗಣಗಳಿಗೆ ಬೇಕಾದ ಕೇಳುಗರು ಸಿದ್ಧರಾದ ಮೇಲೆ. 2024ರ ಡಿಸೆಂಬರ್ 6ರಂದು ಬೆಂಗಳೂರಿನಲ್ಲಿ ದಿಲ್ಜಿತ್ ಹಾಡಿದಾಗ ವೇದಿಕೆಗೆ ಬಂದ ಚಿತ್ರನಟಿ ದೀಪಿಕಾ ಪಡುಕೋಣೆ ಆ ಗಾಯಕರ ಬಾಯಿಂದ ಕನ್ನಡದ ಒಂದು ಮಾತನ್ನು ಆಡಿಸಿದರು. ಮಿಕ್ಕ ಸಂಜೆಯೆಲ್ಲ ಪಂಜಾಬಿ ಬಾರದ ಸಾವಿರಾರು ಜನ ಪಂಜಾಬಿಯಲ್ಲೇ ದನಿಗೂಡಿಸಿದರು.

ಈ ಗೆಲುವಿನೊಳಗೆ ಸೇರಿಹೋದ ಕೊಳೆಯನ್ನು ಮರೆಮಾಚುವುದು ಚರಿತ್ರೆಕಾರನಿಗೆ ಸಲ್ಲದು. ಪಂಜಾಬಿ ಹಾಡಿನ ನಾಯಕ ಬಹುತೇಕ ಜಟ್ಟ, ಎಂದರೆ ಭೂಮಿಯೊಡೆತನದ ಬೇಸಾಯಗಾರ ಜಾತಿಯವನು. ಅವನ ಜಮೀನು, ಜೀಪು, ಬಂದೂಕು, ಹಗೆತನಗಳೇ ಹಾಡಿನ ಬಂಡವಾಳ. ಕುಲವೃತ್ತಿಯಾಗಿ ಹಾಡನ್ನು ಕಾಪಾಡಿಕೊಂಡು ಬಂದ ಮಿರಾಸಿಗಳೂ ದಲಿತರೂ ಆ ಹಾಡಿನೊಳಗೆ ಹೆಸರಿಲ್ಲದವರಾದರು. ಇದಕ್ಕೆ ಜಲಂಧರ್ ಸೀಮೆಯ ದಲಿತ ತರುಣರು ತಮ್ಮ ಜಾತಿಯ ಹೆಸರನ್ನೇ ಎದೆತಟ್ಟಿ ಹಾಡುವ ಮೂಲಕ ಉತ್ತರ ಕೊಟ್ಟಿದ್ದು, ಸಂತ ರವಿದಾಸ ಮತ್ತು ಅಂಬೇಡ್ಕರರನ್ನು ಹಾಡಿದ ಗಿನ್ನಿ ಮಾಹಿ ಹದಿಹರೆಯದಲ್ಲೇ ಆ ಧಾರೆಯ ಪ್ರಮುಖ ದನಿಯಾದರು. ಬಂದೂಕಿನ ವೈಭವೀಕರಣದ ವಿರುದ್ಧ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2019ರಲ್ಲಿ ಆದೇಶ ಕೊಟ್ಟಿತು, ಪಂಜಾಬ್ ಸರ್ಕಾರ 2022ರ ನವೆಂಬರ್‌ನಲ್ಲಿ ನಿಷೇಧ ಹೊರಡಿಸಿತು. ಅಷ್ಟರಲ್ಲಿ ಸುಲಿಗೆಯ ಜಾಲಗಳು ಗಾಯಕರ ಗಳಿಕೆಯ ಮೇಲೆ ಕಣ್ಣಿಟ್ಟು, ಕೆನಡಾದಲ್ಲೂ ಅವರ ಮನೆಗಳತ್ತ ಗುಂಡು ಹಾರಿಸುವ ಮಟ್ಟಕ್ಕೆ ಬಂದಿದ್ದವು. ಆದರೂ ಇದೇ ಗಾಯಕವರ್ಗ 2020 ಮತ್ತು 21ರ ರೈತ ಚಳವಳಿಗೆ ಹಾಡು ಒದಗಿಸಿತೆಂಬುದನ್ನು ಜೊತೆಗೇ ನೆನೆಯಬೇಕು. ದೆಹಲಿಯ ಸಿಂಘು ಮತ್ತು ಟಿಕ್ರಿ ಗಡಿಗಳಲ್ಲಿ ಬೀಡುಬಿಟ್ಟ ಟ್ರ್ಯಾಲಿಗಳಲ್ಲಿ ಕಂವರ್ ಗ್ರೇವಾಲ್ ಮತ್ತು ಹರ್ಫ್ ಚೀಮಾ ಅವರ ಹಾಡುಗಳು ಚಳವಳಿಯ ಕರಪತ್ರಗಳಂತೆ ಕೆಲಸ ಮಾಡಿದವು.

ಮುಂದಿನ ಪ್ರಶ್ನೆ ವಲಸೆಯ ದಾರಿಯದೇ ಆಗಿದೆ. 2024ರ ಜನವರಿಯಲ್ಲಿ ಕೆನಡಾ ಸರ್ಕಾರವು ಆ ವರ್ಷದ ವಿದ್ಯಾರ್ಥಿ ಪರವಾನಗಿಗಳಿಗೆ ಸುಮಾರು 3.6 ಲಕ್ಷದ ಮಿತಿಯನ್ನು ಹೇರಿ, ನವೆಂಬರ್‌ನಲ್ಲಿ ಭಾರತವೂ ಸೇರಿದಂತೆ ಕೆಲವು ದೇಶಗಳಿಗಿದ್ದ ತ್ವರಿತ ಪರವಾನಗಿಯ ವ್ಯವಸ್ಥೆಯನ್ನು ರದ್ದುಪಡಿಸಿತು. ಬ್ರಾಂಪ್ಟನ್‌ನ ನೆಲಮಾಳಿಗೆಗಳಿಗೆ ಪ್ರತಿ ವರ್ಷ ಬಂದು ಸೇರುತ್ತಿದ್ದ ಹೊಸ ಕಂಠಗಳ ಸಂಖ್ಯೆ ಇದರಿಂದ ಇಳಿಯುವುದು ಖಚಿತ. ಬ್ರಿಟನ್ನಿನಲ್ಲಿಯೂ ಹೀಗೆಯೇ ಆಗಿತ್ತು: ಊರಿನಿಂದ ಹೊಸಬರು ಬರುವುದು ಕಡಿಮೆಯಾಗಿ, ಮೂರನೆಯ ತಲೆಮಾರು ಮನೆಯಲ್ಲಿ ಇಂಗ್ಲಿಷ್ ಮಾತಾಡತೊಡಗಿದ ಮೇಲೆ ಅಲ್ಲಿಯ ಭಾಂಗ್ಡಾ ತಂಡಗಳು ಸೊರಗಿದವು, ಮತ್ತು ಐವತ್ತು ವರ್ಷ ನಡೆದ ಓರಿಯೆಂಟಲ್ ಸ್ಟಾರ್ ಅಂಗಡಿ 2017ರಲ್ಲಿ ಬಾಗಿಲು ಮುಚ್ಚಿತು. ಆ ಹೊತ್ತಿಗೆ ಕೆನಡಾ ಆ ಜಾಗವನ್ನು ತುಂಬಲು ಸಿದ್ಧವಾಗಿತ್ತು. ಈಗ ಆಸ್ಟ್ರೇಲಿಯಾದ ಮೆಲ್ಬರ್ನ್, ಇಟಲಿಯ ಹೈನುಗಾರಿಕೆಯ ಬಯಲುಗಳು, ದುಬೈ ಹೀಗೆ ಪಂಜಾಬಿಗಳು ಬೀಡುಬಿಟ್ಟ ನೆಲೆಗಳು ಹಲವು. ಮುಂದಿನ ನಾದ ಇವುಗಳಲ್ಲಿ ಯಾವುದರಿಂದ ಬರುವುದೋ, ಅಥವಾ ಹೊರಡಲಾಗದ ತರುಣರು ಲುಧಿಯಾನ, ಮೊಹಾಲಿಗಳಲ್ಲಿಯೇ ಉಳಿದು ಅದನ್ನು ಕಟ್ಟುವರೋ ಎಂಬುದು ವೀಸಾ ಕಚೇರಿಗಳಲ್ಲಿ ಆಗುವ ತೀರ್ಮಾನಗಳನ್ನು ಬಹುಮಟ್ಟಿಗೆ ಅವಲಂಬಿಸಿದೆ.